ಇಪ್ಪತ್ಮೂರನೆಯ ಸಂಗತಿ

ಸ್ಟಾಕ್‌ಟನ್ನಿನಲ್ಲಿ ಜುಲೈ. ಆಫೀಸಿನ ಏಸಿ ಕೆಮ್ಮುತ್ತದೆ.
ಎದುರು ಪಕ್ಷದ ಕಟ್ಟು ಬಂದು ಮೇಜಿನ ಮೇಲೆ ಕೂತಿದೆ
ಮೂರು ರಬ್ಬರ್ ಬ್ಯಾಂಡು ಬಿಗಿದುಕೊಂಡು.
ವಿಚಾರಣೆ ಬೇಡ, ಜ್ಯೂರಿ ಬೇಡ,
ಕಾಗದ ನೋಡಿ ಇಲ್ಲೇ ಮುಗಿಸಿಬಿಡಿ ಸ್ವಾಮೀ
ಎಂಬ ಅರ್ಜಿ.

ಎಂಬತ್ತೊಂದು ದಿನ ಮೊದಲೇ ನೋಟಿಸು ಕೊಡಬೇಕು, ಕೊಟ್ಟಿದ್ದಾರೆ.
ಇಪ್ಪತ್ತು ದಿನ ಉಳಿದಿರುವಾಗ ನಮ್ಮ ಉತ್ತರ ಸೇರಬೇಕು.
ಕ್ಯಾಲೆಂಡರಿನ ಮೇಲೆ ಬೆರಳಿಟ್ಟು ಎಣಿಸುತ್ತೇನೆ,
ಸೂಲಗಿತ್ತಿಯ ಹಾಗೆ, ಆದರೆ ಹಿಂದುಮುಂದಾಗಿ.

ಕಕ್ಷಿ ಓಫೀಲಿಯಾ ಬರ್ರಗಾನ್. ಅರವತ್ತೆರಡು.
ಶಾಲೆಯ ಊಟದ ಮನೆಯಲ್ಲಿ ಸೌಟು ಹಿಡಿಯುವವಳು.
ಅಂಗಡಿಯ ಒಂಬತ್ತನೆಯ ಸಾಲು, ಐಸ್‌ಪೆಟ್ಟಿಗೆಯ ಮುಂದೆ ನೀರು.
ಸೊಂಟದಲ್ಲೀಗ ಮೂರು ಸ್ಕ್ರೂ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಅನ್ನುತ್ತೇವಲ್ಲ,
ಇಲ್ಲಿ ಬೇಕು.
ಕನ್ನಡಿ ಬೇಕು, ಕನ್ನಡಿ ಹಿಡಿದವನ ಪ್ರಮಾಣ ಬೇಕು,
ಸುಳ್ಳಾದರೆ ಶಿಕ್ಷೆ ಎಂಬ ಒಕ್ಕಣೆ, ಕೆಳಗೆ ತಾರೀಖು, ಸಹಿ.
ಹುಣ್ಣು ಯಾವ ಪುಟದಲ್ಲಿ, ಕೀವು ಯಾವ ಸಾಲಿನಲ್ಲಿ
ಅದನ್ನೂ ಕಾಣಿಸಬೇಕು.

ಗದಗಿನ ಕೋರ್ಟಿನ ಎದುರು ಅಪ್ಪ ಅರ್ಜಿ ಬರೆಯುತ್ತಿದ್ದ,
ಪುಟಕ್ಕೆ ಎಂಟಾಣೆ.
ಅತ್ತರೆ ಅವನು ಅಳುವನ್ನೂ ಸೇರಿಸುತ್ತಿದ್ದ.
ನನ್ನ ಪುಟದಲ್ಲಿ ನಡುವೆ ಗೆರೆ.
ಎಡಕ್ಕೆ ಅವರ ಸಂಗತಿ, ಬಲಕ್ಕೆ ನಮ್ಮ ಮಾತು.
ಮಾತೆಂದರೆ ಎರಡೇ: ಒಪ್ಪಿದೆ. ತಕರಾರಿದೆ.

ಒಂದು. ಅಂಗಡಿ ಪ್ರತಿವಾದಿಯದು. ಒಪ್ಪಿದೆ.
ಎರಡು. ಅಂದು ಗುರುವಾರ. ಒಪ್ಪಿದೆ.
ಆರು. ವಾದಿ ಮೆಟ್ಟಿದ್ದು ಸವೆದ ಚಪ್ಪಲಿ.
ಫೋನು ಮಾಡಿ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು
ಹೌದು, ಸವೆದಿತ್ತು, ಅಂದಳು.
ಒಪ್ಪಿದೆ.

ಇಪ್ಪತ್ಮೂರು. ಗಂಟೆಗೊಮ್ಮೆ ನೆಲ ನೋಡಲಾಗಿದೆ.
ಮೂರು ಗಂಟೆಗೆ ಒಣಗಿತ್ತು, ಸಹಿ ಇದೆ.
ಬಿದ್ದದ್ದು ಮೂರೂ ಹತ್ತಕ್ಕೆ.
ಹತ್ತು ನಿಮಿಷದ ನೀರು ಯಾರ ಕಣ್ಣಿಗೆ ಬೀಳುತ್ತದೆ, ಸ್ವಾಮೀ?

ಫೋಟೋ ಹಿಗ್ಗಿಸಿ ನೋಡುತ್ತೇನೆ.
ನೀರಿನ ಅಂಚಿಗೆ ಬಿಳಿ ಗೆರೆ,
ತೊಳೆಯದೆ ಇಟ್ಟ ಪಾಯಸದ ಬಟ್ಟಲಿಗೆ ಕಟ್ಟುವಂಥದು.
ನಡುವೆ ಗಾಡಿಯ ಗಾಲಿ ಹಾದ ಗುರುತು, ಒಂದಲ್ಲ, ನಾಲ್ಕು.
ಸಹಿಯ ಹಾಳೆ ನೋಡುತ್ತೇನೆ:
ಎಂಟು ಗಂಟೆಗೆ ಎಂಟು ಸಹಿ,
ಎಂಟೂ ಒಂದೇ ಉಸಿರಿನಲ್ಲಿ ಹಾಕಿದ್ದು.

ಕೀಶಾನ್ ಪ್ರೂಯಿಟ್, ಹತ್ತೊಂಬತ್ತು ವರ್ಷ, ಸಾಕ್ಷ್ಯದ ಪುಟ ನಲವತ್ತೇಳು:
ಸಹಿ ಯಾವಾಗ ಹಾಕಿದಿರಿ?
ಮನೆಗೆ ಹೋಗುವಾಗ.
ಎಲ್ಲವನ್ನೂ?
ಎಲ್ಲರೂ ಹಾಗೇ ಮಾಡ್ತಾರೆ, ಸರ್.

ನಾನೂ, ಕೀಶಾನ್.
ನನ್ನ ಟೈಮ್‌ಶೀಟು ತುಂಬುವುದು ಶುಕ್ರವಾರ ಸಂಜೆ,
ಐದು ದಿನಕ್ಕೆ ಒಂದೇ ಪೆನ್ನು.

ನ್ಯಾಯಾಧೀಶೆ ಸತ್ಯವನ್ನು ತೂಗುವುದಿಲ್ಲ, ಇವತ್ತಲ್ಲ.
ತೂಗುವಂಥದು ಏನಾದರೂ ಇದೆಯೇ ಎಂದಷ್ಟೇ ನೋಡುತ್ತಾಳೆ.
ಒಂದಿದ್ದರೆ ಸಾಕು, ಬಾಗಿಲು ಮುಚ್ಚುವುದಿಲ್ಲ.
ಬಲಗಡೆಯ ಖಾಲಿಯಲ್ಲಿ ಟೈಪ್ ಮಾಡಿದೆ:
ತಕರಾರಿದೆ. ಪ್ರೂಯಿಟ್, ಪುಟ ೪೭, ಸಾಲು ೯ರಿಂದ ೧೫.
ಆ ಹುಡುಗ ಈಗಲೂ ಅಲ್ಲೇ ಕೆಲಸಕ್ಕಿದ್ದಾನೆ.
ಆ ಸಂಗತಿಗೆ ಕಾಲಂ ಇಲ್ಲ.

ಸಂಜೆ ನಾಲ್ಕೂ ಐವತ್ತೆರಡಕ್ಕೆ ಕೋರ್ಟಿನ ಮುದ್ರೆ ಬಿತ್ತು.

ಇಪ್ಪತ್ತು ದಿನದ ಮೇಲೆ ಓಫೀಲಿಯಾಗೆ ಫೋನು ಮಾಡಿದೆ.
ಗೆದ್ದೆವಾ?
ಇಲ್ಲ. ಸೋಲಬೇಕಾದರೆ ಇನ್ನು ಹನ್ನೆರಡು ಜನರ ಮುಂದೆ ಸೋಲಬಹುದು.
ನಕ್ಕಳು. ಆಮೇಲೆ ಕೇಳಿದಳು:
ಆ ಹುಡುಗನಿಗೆ ತೊಂದರೆ ಆಗುತ್ತದೆಯೇ?
ಬಿದ್ದಾಗ ಏಪ್ರನ್ ಬಿಚ್ಚಿ, ಮಡಚಿ,
ನನ್ನ ತಲೆಯಡಿಗೆ ಇಟ್ಟವನು ಅವನೇ.

ಇಡೀ ಕಡತ ತಿರುವಿದೆ,
ಅವರದೂ ನಮ್ಮದೂ.
ಏಪ್ರನ್ ಎಲ್ಲೂ ಇಲ್ಲ.
ಒಪ್ಪಿದೆ ಎಂದೂ ಯಾರೂ ಬರೆದಿಲ್ಲ.